ಗಾಳಿಚೀಲ ಒಗೆದ ಬೆಳಿಗ್ಗೆ

ಜಾಲಹಳ್ಳಿಯ ನಮ್ಮ ಬಾಡಿಗೆ ಮನೆಗೆ ಬಂದ ಹೊಸತು. ಭಾನುವಾರ ಬೆಳಿಗ್ಗೆ ತಾರಸಿಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಮೂಲೆಯ ಕಂಬಕ್ಕೆ ಕಟ್ಟಿದ್ದ ಕಿತ್ತಳೆ ಬಣ್ಣದ ಉದ್ದನೆಯ ಚೀಲ ಧೂಳು ಹಿಡಿದು ಕಪ್ಪಾಗಿತ್ತು. ಅದೇನೆಂದು ತಿಳಿಯದೆ, ಬಿಚ್ಚಿ ಸೋಪಿನ ನೀರಿಗೆ ಹಾಕಿದೆ. ಅಷ್ಟರಲ್ಲಿ ಮಳೆ ಹೊಡೆಯಿತು. ಬಕೆಟ್ ಎತ್ತಿಕೊಂಡು ಕೆಳಗಿಳಿದರೆ ಕರೆಂಟಿಲ್ಲ. ಮಗಳು ವೇಣಿ ಕಿಟಕಿಗೆ ಹಣೆ ಒತ್ತಿ ಮೋಡ ನೋಡುತ್ತಿದ್ದಳು. ಹಾಲು ಬೇಡವಂತೆ. ಏನೋ ಕೇಳಲು ಬಾಯಿ ತೆರೆದವಳು ಮತ್ತೆ ಸುಮ್ಮನಾದಳು. ಜ್ವರವೇನೋ ಎಂದು ಕೋಣೆಯಲ್ಲಿ ಮಲಗಿಸಿದೆ.

ಮನೆ ನೋಡಿಕೊಳ್ಳುವ ಮುದುಕ ಮುತ್ತಣ್ಣ ಕೆಳಗಿನಿಂದ ಹತ್ತಿ ಬಂದರು. ಬಕೆಟ್ ಕಂಡದ್ದೇ ಒಳಗಿನ ಚೀಲ ಎತ್ತಿ ನೋಡಿದರು.

"ಇದನ್ನ ಯಾಕಮ್ಮ ಬಿಚ್ಚಿದೆ?"

"ಕೊಳೆ ಚೀಲ, ಒಗೆದ್ರೆ ಸವೆದು ಹೋಗುತ್ತಾ ಮುತ್ತಣ್ಣ" ಎಂದು ನಮ್ಮತ್ತೆ ಸುಬ್ಬಲಕ್ಷ್ಮಮ್ಮ ನಕ್ಕರು. ಮುತ್ತಣ್ಣ ನಗಲಿಲ್ಲ. ಮಗುವಿನ ಕೋಣೆಯ ಬಾಗಿಲು ಹಾಕಿಸಿ, ದನಿ ತಗ್ಗಿಸಿ ಶುರುಮಾಡಿದರು.

"ಈ ಮನೆ ನೌಕಾಪಡೆಯ ಕ್ಯಾಪ್ಟನ್ ಸಾಹೇಬ್ರದು ಕಣಮ್ಮ. ಅವರ ಹಡಗಲ್ಲೇ ನಾನು ಕೆಲಸಕ್ಕಿದ್ದೆ, ವಿಮಾನ ಇಳಿಯೋ ಡೆಕ್ಕಿನ ಮೇಲೆ. ಸಮುದ್ರದಲ್ಲಿ ಹಡಗಿನ ಮೇಲೆ ವಿಮಾನ ಇಳಿಸೋದಂದ್ರೆ ಏನಂದ್ಕೊಂಡ್ರಿ... ಓಡೋ ಎತ್ತಿನ ಕೊಂಬಿನ ಮೇಲೆ ಕಾಗೆ ಕೂತಂಗೆ. ನಮ್ಮೋರಲ್ಲಿ ಅದನ್ನ ಮೊದಮೊದಲು ಕಲಿತೋರು ಅವ್ರು, ಆಮೇಲೆ ಹುಡುಗರಿಗೆಲ್ಲ ಕಲಿಸಿದೋರೂ ಅವ್ರೇ. ಕಲಿಸ್ತಾ ಒಂದೇ ಮಾತು... ಗಾಳಿಗೆ ಎದುರಾಗೇ ಇಳೀಬೇಕು, ದಾರಿ ತಪ್ಪಿದ್ರೆ ಕೇಳ್ರೋ, ನಾನು ಹೇಳ್ತೀನಿ ಅಂತ.

"ಯುದ್ಧ ಬಂದಾಗ ಅವ್ರೇ ಹಡಗಿನ ಕ್ಯಾಪ್ಟನ್. ಒಂದು ಬೆಳಿಗ್ಗೆ, ಇಂಥದೇ ಮೋಡ... ಹೋದ ವಿಮಾನ ಎಲ್ಲಾ ವಾಪಸ್ ಬಂದ್ವು, ಒಂದು ಬಿಟ್ಟು. ಅದು ಮೇಲೇ ಸುತ್ತುತಾ ಇದೆ, ಸದ್ದು ಕೇಳುತ್ತೆ, ಕಾಣಲ್ಲ. ರೇಡಿಯೋದಲ್ಲಿ ಹುಡುಗ ಕೇಳ್ತಾನೆ, 'ಸಾರ್, ಗಾಳಿ ಯಾವ ಕಡೆಗಿದೆ?' ಉತ್ತರ ಕೊಟ್ರೆ ಹೊಂಚು ಹಾಕಿರೋ ಶತ್ರುಗೆ ನಾವಿರೋ ಜಾಗ ಗೊತ್ತಾಗುತ್ತೆ. ಹಡಗಿನ ತುಂಬಾ ಜನ... ಏನ್ ಮಾಡ್ತಾರೆ ಹೇಳಿ? ಸಾಹೇಬ್ರು ಬಾಯಿ ಬಿಡ್ಲಿಲ್ಲ, ಯಾರಿಗೂ ಮಾತಾಡಕ್ಕೆ ಬಿಡ್ಲಿಲ್ಲ. ಹುಡುಗ ಕೇಳ್ತಾನೇ ಇದ್ದ... ಕೇಳ್ತಾನೇ ಇದ್ದ...

"ರಿಟೈರಾಗಿ ಇಲ್ಲಿ ಮನೆ ಕಟ್ಟಿದ್ದೇ ಸಾಹೇಬ್ರು ಆ ಗಾಳಿಚೀಲ ಏರಿಸಿದ್ರು. ಗಾಳಿ ತುಂಬಿ ಅದು ಯಾವ ಕಡೆ ಬಾಲ ಚಾಚುತ್ತೋ, ಮೇಲಿಂದ ನೋಡೋನಿಗೆ ಅದೇ ಉತ್ತರ. ಸಾಯೋವಾಗ ನನ್ ಕೈ ಹಿಡಿದು, ಇಳಿಸ್ಬೇಡ ಅಂದ್ರು. ಹಿಂದೊಂದ್ಸಲ ಹರಿದು ಬಿತ್ತು... ಆಗ ಇಲ್ಲಿದ್ದೋರ ಕೂಸು ತಾರಸಿ ಗೋಡೆ ಹತ್ತಿ ನಿಂತಿತ್ತು, ಎರಡೂ ಕೈ ಚಾಚಿ. ನಾನು ಹಿಡ್ಕೊಂಡಿದ್ದಕ್ಕೆ ಉಳೀತು. ಆ ವಿಮಾನದಲ್ಲಿ ಎಣ್ಣೆ ಮುಗ್ದು ಎಷ್ಟು ವರ್ಷ ಆಯ್ತಮ್ಮ... ಸುತ್ತೋದು ನಿಂತಿಲ್ಲ. ಚೀಲ ಕಾಣ್ದೇ ಹೋದ್ರೆ, ಮನೇಲಿ ಚಿಕ್ಕೋರು ಯಾರಿದಾರೋ ಅವ್ರ ಬಾಯಲ್ಲಿ ಆ ಹುಡುಗ ಕೇಳ್ತಾನೆ."

ಚೀಲ ಹಿಂಡುತ್ತಿದ್ದ ನನ್ನ ಕೈ ನಿಂತಿತು. ಮೋಡದ ಮೇಲೆಲ್ಲೋ ಗುಂಯ್‌ಗುಡುವ ಸದ್ದು. ಈ ಕಡೆ ವಿಮಾನಗಳಿಗೇನು ಬರವಿಲ್ಲ ಎಂದುಕೊಳ್ಳುತ್ತಲೇ ಕೋಣೆಯ ಬಾಗಿಲು ತೆಗೆದೆ. ಹಾಸಿಗೆ ಖಾಲಿ. ಕೋಣೆಯಿಂದ ತಾರಸಿ ಮೆಟ್ಟಿಲಿಗೆ ಹೋಗುವ ಹಿಂಬಾಗಿಲು ತೆರೆದಿತ್ತು.

ಓಡಿ ಹತ್ತಿದೆ. ತಾರಸಿ ಗೋಡೆಯ ಮೇಲೆ ವೇಣಿ ನಿಂತಿದ್ದಳು, ಕೈಗಳನ್ನು ಚಾಚಿ. ಕೂಗಲಿಲ್ಲ, ಕೂಗಿದರೆ ಬೆದರುತ್ತಾಳೆ. ಮೆಲ್ಲಗೆ ಹೋಗಿ ಸೊಂಟ ಬಳಸಿ ಎದೆಗೊತ್ತಿಕೊಂಡೆ. ಮೈ ಮಂಜುಗಡ್ಡೆ. ಹಿಂದೆಯೇ ಬಂದ ಮುತ್ತಣ್ಣ ಒದ್ದೆ ಚೀಲವನ್ನು ಕಂಬಕ್ಕೇರಿಸಿದರು. ಅದು ಜೋತುಬಿತ್ತು. ಮಳೆ ನಿಂತಿತ್ತು, ಎಲ್ಲೂ ಒಂದು ಎಲೆ ಅಲುಗುತ್ತಿರಲಿಲ್ಲ.

ವೇಣಿ ನನ್ನ ಹೆಗಲ ಮೇಲಿಂದ, ದಿನವೂ ತಾತ ಎಂದು ಕರೆಯುವ ಮುತ್ತಣ್ಣನತ್ತ ನೋಡಿದಳು.

"ಸಾರ್, ಗಾಳಿ ಯಾವ ಕಡೆಗಿದೆ?"