ಬಿಸಿಲಿಗಿಟ್ಟ ಗಾಯದ ನೀರು

ಮೃತರ ಹೆಂಡತಿ, ವಯಸ್ಸು 41, ಉದ್ಯೋಗ ಟೈಲರಿಂಗ್, ವಾಸ ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಮನೆ. ಡ್ರೆಸ್ಸಿಂಗ್ ಕ್ಲಿನಿಕ್ಕಿನ ನರ್ಸ್ ಆಸಿಡ್ ನೀರು ಕೊಟ್ಟು ತನ್ನ ಅಣ್ಣನನ್ನು ಕೊಂದರೆಂದು ನನ್ನ ಮೈದುನ ಕೊಟ್ಟಿರುವ ದೂರಿನ ಬಗ್ಗೆ ಈ ದಿನ ಠಾಣೆಯಲ್ಲಿ ಕೇಳಿದ್ದಕ್ಕೆ ನಾನು ತಿಳಿಸುವುದೇನೆಂದರೆ:

ನನ್ನ ಗಂಡ ಲೇತ್ ಕೆಲಸದವರು. ಸಕ್ಕರೆ ಕಾಯಿಲೆ ಇತ್ತು. ಮಾರ್ಚಿನಲ್ಲಿ ಅಂಗಾಲಿಗೆ ಕಬ್ಬಿಣದ ಚೂರು ಚುಚ್ಚಿ ಹುಣ್ಣಾಯಿತು. ನರ್ಸ್ ಉಪ್ಪುನೀರಿಗೆ ಕರೆಂಟ್ ಹಾಯಿಸುವ ಯಂತ್ರದಲ್ಲಿ ಆಗಷ್ಟೇ ತಯಾರಿಸಿದ ನೀರಿನಿಂದ ಗಾಯ ತೊಳೆಯುತ್ತಿದ್ದರು. ಅದಕ್ಕೆ ಈಜುಕೊಳದ ವಾಸನೆ. ಮೈದುನ ಆಸಿಡ್ ನೀರು ಎನ್ನುವುದು ಇದನ್ನೇ. ಎರಡು ವಾರದಲ್ಲಿ ಕೀವು ನಿಂತು ಗಾಯ ಚೊಕ್ಕಟವಾಯಿತು. ನನಗೆ ಹೋದ ಜೀವ ಬಂದಂತಾಯಿತು.

ಆಮೇಲೆ ಮನೆಯಲ್ಲೇ ತೊಳೆಯಲು ಕಂದು ಬಾಟಲಿಯಲ್ಲಿ ನೀರು ಕೊಟ್ಟರು. ಕತ್ತಲಲ್ಲಿಡಬೇಕು, ವಾರಕ್ಕೊಮ್ಮೆ ಚೆಲ್ಲಿ ಹೊಸದು ಒಯ್ಯಬೇಕು, ಇದು ತೊಳೆಯಲು ಮಾತ್ರ, ಮಾತ್ರೆ ನಿಲ್ಲಿಸಬಾರದು, ಕಾಲು ಊದಿದರೆ ಓಡಿ ಬರಬೇಕು ಎಂದು ನನ್ನೆದುರೇ ಹೇಳಿದರು.

ಹಗಲು ನಾನು ಟೈಲರಿಂಗ್ ಅಂಗಡಿಯಲ್ಲಿರುತ್ತಿದ್ದೆ. ತೊಳೆಯುತ್ತಿದ್ದವರು ನನ್ನ ಅತ್ತೆ. ಮಗನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರು. ನನ್ನ ಕಾಲಿಗೆ ಸಿಗೋ ಉಪಚಾರ ಮದುವೇಲಿ ನನಗೂ ಸಿಕ್ಕಿರ್ಲಿಲ್ಲ ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು. ಕಾಲು ಊದಿದಾಗ ಕ್ಲಿನಿಕ್ಕಿಗೆ ಹೋಗೋಣವೆಂದೆ. ನೀರು ಇದೆಯಲ್ಲ, ಸುಮ್ನಿರೇ ಎಂದು ಗಂಡ ಹೇಳಿದರು. ಮೈ ಕಾದಾಗ ದೊಡ್ಡಾಸ್ಪತ್ರೆಗೆ ಸೇರಿಸಿದೆವು. ನಂಜು ರಕ್ತಕ್ಕೆ ಏರಿದೆ ಎಂದು ಡಾಕ್ಟರು ಹೇಳಿದರು. ಮೂರನೇ ದಿನ ಇವರು ಹೋಗಿಬಿಟ್ಟರು.

ಅವರ ಬಟ್ಟೆ ಎತ್ತಿಡುವಾಗ ಬಚ್ಚಲ ಕಿಟಕಿಯಲ್ಲಿ ಬಣ್ಣವಿಲ್ಲದ ಗಾಜಿನ ಬಾಟಲಿ ಕಂಡೆ. ಅತ್ತೆಯನ್ನು ಕೇಳಿದೆ. ಕಂದು ಬಾಟಲೀಲಿ ಏನಿದೆ ಅಂತ ಕಾಣಲ್ಲಮ್ಮ, ಅದಕ್ಕೇ ಇದಕ್ಕೆ ಸುರಿದು ದಿನಾ ಬಿಸಿಲಿಗೆ ಇಡ್ತಿದ್ದೆ, ಆ ಕೆಟ್ಟ ವಾಸನೆ ಹೋಗಿ ಶುದ್ಧ ಆದ್ಮೇಲೇ ನನ್ನ ಮಗೂಗೆ ಹಾಕ್ತಿದ್ದೆ ಎಂದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ಸಮಾಧಾನವಿತ್ತು.

ಆ ಬಾಟಲಿಯನ್ನು ನರ್ಸ್ ಬಳಿ ಒಯ್ದೆ. ಪರೀಕ್ಷೆಯ ಕಾಗದ ಅದ್ದಿದರು. ಬಣ್ಣ ತಿರುಗಲಿಲ್ಲ. ಬೆಳಕಿಗೆ ಈ ನೀರಿನ ಶಕ್ತಿ ಹೋಗುತ್ತದೆ, ಉಳಿದದ್ದು ಬರೀ ಉಪ್ಪುನೀರು, ಸರಿಯಾಗಿಟ್ಟಿದ್ದರೂ ಅವರು ಉಳಿಯುತ್ತಿದ್ದರೆಂದು ಮಾತ್ರ ಹೇಳಲಾರೆ ಎಂದರು. ಆಮೇಲೆ, ಅವರ ಅಮ್ಮನಿಗೆ ಮಾತ್ರ ಹೇಳ್ಬೇಡಿ, ನನ್ನ ಮೇಲೆ ಏನು ಬಂದ್ರೂ ನಾನು ಹೇಗೋ ನೋಡ್ಕೊಳ್ತೀನಿ ಎಂದರು.

ದೂರಿನಿಂದ ಅವರ ಕೆಲಸ ಹೋಗಿದೆ. ಈಗ ಜೈಲಿಗೂ ಹೋಗಬಹುದೆಂದು ತಿಳಿಯಿತು. ಇಷ್ಟಾದರೂ ಅವರು ಬಾಯಿ ಬಿಟ್ಟಿಲ್ಲ. ಅದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದಾಗಲಿಲ್ಲ. ಅವರದೇನೂ ತಪ್ಪಿಲ್ಲ. ಅತ್ತೆಯದೂ ತಪ್ಪೆಂದು ನನ್ನ ಬಾಯಲ್ಲಿ ಬರುವುದಿಲ್ಲ.

ಅತ್ತೆ ಈಗಲೂ ಬೆಳಿಗ್ಗೆ ಎದ್ದು ಇನ್ನೊಂದು ಬಾಟಲಿಗೆ ನಲ್ಲಿ ನೀರು ತುಂಬಿ ಕಿಟಕಿಯಲ್ಲಿಡುತ್ತಾರೆ. ಕಲ್ಲಿನ ಮೇಲೆ ಗಾಜು ತಾಗಿದ ಸದ್ದಿಗೆ ನನಗೆ ಎಚ್ಚರವಾಗುತ್ತದೆ. ಯಾರಿಗೆ ಎಂದು ಕೇಳಲು ಧೈರ್ಯವಿಲ್ಲ.

ಮೇಲೆ ಹೇಳಿದ್ದೆಲ್ಲ ನಿಜ. ಇದನ್ನು ನನಗೆ ಓದಿ ಹೇಳಿದರು. ಹೊರಗಿನ ಬೆಂಚಿನಲ್ಲಿ ಅತ್ತೆ ಕುಳಿತಿರುವುದರಿಂದ, ನಾನು ಕೇಳಿಕೊಂಡಂತೆ ಬಾಗಿಲು ಹಾಕಿ, ಮೆಲ್ಲಗೆ ಓದಿದರು.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಜೂನ್ 9
ಸಹಿ: ಮೃತರ ಹೆಂಡತಿ