ಮೊದಲ ಚಳಿಗಾಲಕ್ಕೆ ಉಪ್ಪಿಲ್ಲ

ಅಮೆರಿಕದ ಡುಲೂತ್‌ನ ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಮುದುಕ ಆರ್ವಿಡ್ ನಿಂತಿದ್ದ. ಅವನ ಗಾಡಿಯಲ್ಲಿ ಹಿಮ ಕರಗಿಸುವ ಉಪ್ಪಿನ ಎರಡು ಮೂಟೆಗಳಿದ್ದವು. ಎರಡು ವಾರ ಮಗಳ ಮನೆಯಲ್ಲಿದ್ದು ಅಂದೇ ಊರಿಗೆ ಮರಳಿದ್ದ ಅವನ ನೆರೆಮನೆಯ ಟೋರ್ಸ್ಟನ್ ಬಂದು ಗಾಡಿಯೊಳಗೆ ಇಣುಕಿದ.

"ಏನಯ್ಯಾ ಇದು, ಉಪ್ಪು! ಹೊಸ ಕಾಂಕ್ರೀಟಿಗೆ ಮೊದಲ ಚಳಿಗಾಲ ಉಪ್ಪು ಸೋಕಿಸಬಾರದು ಅಂತ ಬೀದಿಗೆಲ್ಲ ಉಪದೇಶ ಮಾಡ್ದೋನು ನೀನಲ್ವಾ?"

"ನಾನೇ."

"ನಿನ್ನ ಹೊಸ ಮೆಟ್ಟಿಲಿಗೆ ನಾನು ಒಂದು ಹಿಡಿ ಹಾಕೋಕೆ ಬಂದ್ರೆ ಸಲಿಕೆ ಹಿಡ್ಕೊಂಡು ಓಡಿಸಿದ್ಯಲ್ಲೋ!"

"ಹೂಂ. ಜಾರದ ಹಾಗೆ ಮರಳು ಹಾಕಿದ್ರೆ ಸಾಕು ಅಂದಿದ್ದೆ."

"ಮತ್ತೀಗ? ಹೆಂಡ್ತಿಗೆ ಹೆದರಿದ್ಯಾ? ಇರ್ಮಾ ಬೈದ್ಲಾ?"

"ಅವಳು ಯಾವತ್ತು ಬೈದಿದ್ಲು? ಗುರುವಾರ ಮಳೆ ಬಿದ್ದು ಹೆಪ್ಪುಗಟ್ತು. ಮರಳೆಲ್ಲ ಮಂಜುಗಡ್ಡೆ ಅಡಿಗೆ ಹೋಯ್ತು. ಹಕ್ಕಿಗೆ ಕಾಳು ಹಾಕೋಕೆ ಅಂತ ಮೆಟ್ಟಿಲಿಳಿದ್ಲು. ತಲೆಗೆ ಏಟು ಬಿತ್ತು."

"ಅಯ್ಯೋ ದೇವರೇ! ಯಾವ ಆಸ್ಪತ್ರೇಲಿದ್ದಾಳೆ?"

"ನಾಳೆ ಹನ್ನೊಂದಕ್ಕೆ ಚರ್ಚಲ್ಲಿ. ಅಂತಿಮ ಪ್ರಾರ್ಥನೆ ಮುಗಿದ್ಮೇಲೆ ಎಲ್ಲರೂ ಮನೆಗೆ ಕಾಫಿಗೆ ಬರ್ತಾರೆ."

ಟೋರ್ಸ್ಟನ್ ಟೊಪ್ಪಿ ತೆಗೆದ. ನಾನೂ ಮನಸ್ಸಿನಲ್ಲೇ ದೇವರನ್ನು ನೆನೆದೆ.

"ಮೆಟ್ಟಿಲಿಗೆ ಒಂದು ಗೀರೂ ಬಿದ್ದಿಲ್ಲ ಕಣೋ," ಎಂದ ಆರ್ವಿಡ್. "ಹೊಸದರ ಹಾಗೇ ಇದೆ."

"ಆ ಉಪ್ಪು ಹಾಕಿದ್ರೆ ಕಾಂಕ್ರೀಟು ಪದರ ಪದರ ಎದ್ದುಬರುತ್ತೆ, ಆರ್ವಿಡ್. ನಿನ್ನ ಕೈಯಾರೆ ಎರಕ ಹೊಯ್ದಿದ್ದು. ಬೇಡ, ನಾಳೆ ನಾನು ಬಾಗಿಲಲ್ಲೇ ನಿಂತು ಒಬ್ಬೊಬ್ಬರನ್ನೂ ಕೈಹಿಡಿದು ಹತ್ತಿಸ್ತೀನಿ."

"ಎದ್ದುಬರಲಿ."

ಆರ್ವಿಡ್ ದುಡ್ಡು ಕೊಟ್ಟ. ಟೋರ್ಸ್ಟನ್ ಒಂದು ಮೂಟೆಯನ್ನು ಹೆಗಲಿಗೇರಿಸಿಕೊಂಡು ಬಾಗಿಲಿನ ಕಡೆ ನಡೆದ. ಇನ್ನೊಂದನ್ನು ಕೂಸಿನಂತೆ ಎದೆಗವಚಿಕೊಂಡು ಆರ್ವಿಡ್ ಅವನ ಹಿಂದೆ ಹೋದ.