ಶಿಖರದ ಕಡೆಯಿಂದ ಬಂದ ಕೂಗು

೧೯೭೪, ಡಿಸೆಂಬರ್ ೩೧. ನನ್ನ ಡೈರಿಯಲ್ಲಿ ಅಂದು ಇಷ್ಟೇ ಇದೆ: “ಮಂಜು. ಶಿಖರ ಕಾಣಲಿಲ್ಲ. ಲ್ಯಾಂಬರ್ಟ್ ತಡವಾಗಿ ಬಂದ.” ಉಳಿದದ್ದು ಗೊತ್ತಾದ ಮೇಲೂ ಬರೆಯಲಿಲ್ಲ. ಮನೆತನದ ಮಾನ. ನಾನು ಕೇಪ್‌ಟೌನಿನಲ್ಲಿ ಕಾಲೇಜು ಓದಿದವಳು, ದೆವ್ವ ಗಿವ್ವ ನಂಬುವವಳಲ್ಲ. ಆದರೆ ಇದು ನಡೆದದ್ದು.

ಲ್ಯಾಂಬರ್ಟ್ ನನ್ನ ಚಿಕ್ಕಮ್ಮನ ಮಗ. ವರ್ಷದ ಕೊನೆಯ ಸಂಜೆ ನಮ್ಮ ದ್ವೀಪದ ಗಂಡಸರು ಮುಖವಾಡ ಹಾಕಿಕೊಂಡು ಊರವರನ್ನು ಹೆದರಿಸುತ್ತಾರೆ. ಹಿಂದಿನ ವರ್ಷ ಗುಡ್ಡದ ಮೇಲಿಂದ ಯಾರೋ “ಕಾಲು ಮುರೀತು” ಎಂದು ಕೂಗಿದಾಗ ಇವನು ಹಗ್ಗ ಹಿಡಿದು ಓಡಿದ್ದ. ಕೂಗಿದ್ದು ಮುಖವಾಡದವರೇ; ಇವನನ್ನು ಎತ್ತಿ ಹಳ್ಳಕ್ಕೆ ಎಸೆದರು. ಈಸ್ಟರ್ ತನಕ ಊರು ನಕ್ಕಿತು.

ಡೈರಿಯಲ್ಲಿ ಬರೆದ ಆ ಸಂಜೆ ಲ್ಯಾಂಬರ್ಟ್ ಆಲೂಗಡ್ಡೆ ಹೊಲದಿಂದ ಒಬ್ಬನೇ ಬರುತ್ತಿದ್ದ. ಕತ್ತಲಾಗುತ್ತಿತ್ತು. ಹಳ್ಳದ ಹತ್ತಿರ ಮೇಲಿಂದ ಕಲ್ಲೊಂದು ಉರುಳಿತು. ಕಟ... ಕಟ... ಬುಳುಕ್. ಆಮೇಲೆ ದನಿ. ಕಿವಿಯ ಪಕ್ಕದಲ್ಲೇ.

“ಲ್ಯಾಂಬರ್ಟ್... ಹಗ್ಗ ತಾರೋ...”

ಅವನ ಅಕ್ಕನ ಗಂಡ ಎಜ್ರಾನ ದನಿ. ಕುರಿ ಹುಡುಕಿಕೊಂಡು ಬೆಳಿಗ್ಗೆಯೇ ಶಿಖರಕ್ಕೆ ಹೋಗಿದ್ದವನು.

“ಸಾಕು ಭಾವ, ಆಟ ನಿಲ್ಸಿ. ಈ ಸಲ ನಾನು ಹಳ್ಳಕ್ಕೆ ಬೀಳಲ್ಲ!”

“ಚಳಿ ಕಣೋ...”

ತಿರುಗಿ ನೋಡಿದ. ಯಾರೂ ಇಲ್ಲ. ಬರೀ ಮಂಜು. ಓಡಿಬಿಟ್ಟ.

ಮನೆ ಬಾಗಿಲಲ್ಲಿ ಅವನ ಅಕ್ಕ ವಿನಿಫ್ರೆಡ್ ನಿಂತಿದ್ದಳು. ನಾನೂ ಇದ್ದೆ. ಅಂಗಳದ ತುಂಬ ಮುಖವಾಡದವರು.

“ನಿನ್ ಭಾವ ಇನ್ನೂ ಇಳಿದು ಬಂದಿಲ್ಲ ಕಣೋ. ದಾರೀಲಿ ಕೂಗು ಗೀಗು ಕೇಳಿಸ್ತಾ?”

“ಏನಪ್ಪಾ ಹಗ್ಗದ ದೊರೆ, ಈ ವರ್ಷ ಯಾರನ್ನ ಕಾಪಾಡ್ದೆ?” ಮುಖವಾಡದೊಳಗಿಂದ ಒಬ್ಬ ಕೇಳಿದ. ಎಲ್ಲರೂ ನಕ್ಕರು.

ಲ್ಯಾಂಬರ್ಟ್ ನೆಲ ನೋಡಿದ. “ಇಲ್ಲಕ್ಕಾ... ಏನೂ ಕೇಳಿಸ್ಲಿಲ್ಲ.”

“ಹಾಗಾದ್ರೆ ಗುಡ್ಡದ ಆಚೆ ಬದಿ ಗುಡಿಸಲಲ್ಲಿ ಉಳ್ಕೊಂಡಿರ್ತಾನೆ ಬಿಡಮ್ಮ,” ಎಂದರು ಹಿರಿಯರು. ಜನ ಸೇರಿಸುವ ಗಂಟೆಯನ್ನು ಯಾರೂ ಮುಟ್ಟಲಿಲ್ಲ.

ಮರುದಿನ ಎಜ್ರಾ ಸಿಕ್ಕಿದ್ದು ಶಿಖರದ ತುತ್ತತುದಿಯಲ್ಲಿ, ಒಂದು ಬಿರುಕಿನೊಳಗೆ. ಕಾಲು ಮುರಿದಿತ್ತು. ಉಸಿರು ನಿಂತಿತ್ತು, ಆದರೆ ಮೈಯ ಬಿಸಿ ಇನ್ನೂ ಪೂರ್ತಿ ಆರಿರಲಿಲ್ಲ. ಹಳ್ಳದಿಂದ ಅಲ್ಲಿಗೆ ಅರ್ಧ ದಿನದ ಏರು. ಅಲ್ಲಿ ಎಷ್ಟು ಕೂಗಿದರೂ ಕೆಳಗೆ ಕೇಳುವುದಿಲ್ಲ.

ಹೂಳಿ ಬಂದ ಮೇಲೆ ಲ್ಯಾಂಬರ್ಟ್ ಅಕ್ಕನ ಮುಂದೆ ನಿಂತ. “ಭಾವನ ಕೂಗು ಕೇಳಿಸಿತ್ತು. ನಗ್ತಾರೆ ಅಂತ ಸುಮ್ನಿದ್ದೆ ಅಕ್ಕಾ.” ಅವಳು ಬಾಗಿಲು ಹಾಕಿಕೊಂಡಳು.

ಆ ಸಂಜೆ ಲ್ಯಾಂಬರ್ಟ್ ತೊಟ್ಟಿದ್ದ ಕೋಟು ಒಗೆದವಳು ನಾನು. ಭುಜದ ಮೇಲೆ ಕೆಂಪು ಬೂದಿ ಇತ್ತು, ಯಾರೋ ಕೈಯಿಟ್ಟ ಹಾಗೆ. ನಮ್ಮ ಶಿಖರ ಹಳೆಯ ಜ್ವಾಲಾಮುಖಿ; ಆ ಬೂದಿ ಅದರ ತುದಿ ಬಿಟ್ಟರೆ ದ್ವೀಪದಲ್ಲಿ ಬೇರೆಲ್ಲೂ ಇಲ್ಲ. ಇದೇ ಕೈಯಿಂದ ಉಜ್ಜಿದ್ದೇನೆ, ಸುಳ್ಳಲ್ಲ.

ಎಜ್ರಾನ ಜೀವ ಹೋಯಿತು. ವಿನಿಫ್ರೆಡ್ ಬಸುರಿಯಾಗಿದ್ದಾಗಲೇ ವಿಧವೆಯಾದಳು. ಒಂದೇ ಬೀದಿಯ ಊರಿನಲ್ಲಿ ಎದುರುಬದುರು ಮನೆ. ಆದರೂ ಸಾಯುವ ತನಕ ಅವಳು ತಮ್ಮನ ಜೊತೆ ಮಾತಾಡಲಿಲ್ಲ.